ಅರ್ಜಿದಾರರ ಟಪಾಲು ಮತ್ತು ಸ್ಪ್ಯಾಮ್ ಸೋಸುವ ತಂತ್ರಾಂಶ: ಲಗ್ಗೆರೆ–ಪೀಣ್ಯ ಭಾಗದ ಸಣ್ಣ ಘಟಕಗಳ ದೃಷ್ಟಿಯಿಂದ ಒಂದು ವಿಶ್ಲೇಷಣೆ

ಪೀಠಿಕೆ

ಸರ್ಕಾರಿ ಸೇವೆಗಳಿಗೆ ಅರ್ಜಿ ಸಲ್ಲಿಸುವ ನಾಗರಿಕರಿಗೆ ಇ-ಮೇಲ್ ವಿಳಾಸವು ಇಂದು ಮನೆಯ ವಿಳಾಸದಷ್ಟೇ ಮುಖ್ಯವಾಗಿದೆ. ಅರ್ಜಿಯ ಸ್ವೀಕೃತಿ, ಒ.ಟಿ.ಪಿ., ನ್ಯೂನತೆಗಳನ್ನು ತಿಳಿಸುವ ಪತ್ರ, ಹಿಂಬರಹ, ನೋಟಿಸು ಹಾಗೂ ಅಂತಿಮ ಆದೇಶಗಳು ಅನೇಕ ಸೇವೆಗಳಲ್ಲಿ ಈ ವಿಳಾಸಕ್ಕೇ ರವಾನೆಯಾಗುತ್ತವೆ. ಇಂತಹ ಪ್ರತಿಯೊಂದು ಪತ್ರವೂ ಅರ್ಜಿದಾರರ ಕಣ್ಣಿಗೆ ಬೀಳುವ ಮೊದಲು ಒಂದು ತಂತ್ರಾಂಶದ ಪರಿಶೀಲನೆಗೆ ಒಳಪಡುತ್ತದೆ. ಸ್ಪ್ಯಾಮ್ ಎಂದು ಕರೆಯಲಾಗುವ ಅನಪೇಕ್ಷಿತ ಟಪಾಲನ್ನು ಬೇರ್ಪಡಿಸುವುದು ಈ ತಂತ್ರಾಂಶದ ಕೆಲಸ. ಇದನ್ನು ಸರಿಯಾಗಿ ಅಳವಡಿಸದಿದ್ದಲ್ಲಿ ಅಥವಾ ಕಾಲಕಾಲಕ್ಕೆ ನವೀಕರಿಸದಿದ್ದಲ್ಲಿ ಉಂಟಾಗುವ ನಷ್ಟವು ಪತ್ರ ಕಳುಹಿಸಿದ ಕಚೇರಿಗೆ ತಟ್ಟುವುದಿಲ್ಲ, ಅರ್ಜಿದಾರರಿಗೆ ತಟ್ಟುತ್ತದೆ.

ಬೆಂಗಳೂರಿನ ವಾಯವ್ಯ ಭಾಗದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಹೊಂದಿಕೊಂಡಿರುವ ಲಗ್ಗೆರೆಯಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ. ಪೀಣ್ಯದ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗಗಳನ್ನು ಮಾಡಿಕೊಡುವ, ಜಾಬ್ ವರ್ಕ್ ಆಧಾರದ ಮೇಲೆ ನಡೆಯುವ ಸಣ್ಣ ಯಂತ್ರಶಾಲೆಗಳು ಈ ಭಾಗದಲ್ಲಿವೆ. ನಾಲ್ಕಾರು ಮಂದಿ ದುಡಿಯುವ ಇಂತಹ ಘಟಕಗಳಲ್ಲಿ ಇ-ಮೇಲ್ ನೋಡಿಕೊಳ್ಳಲು ಪ್ರತ್ಯೇಕ ಸಿಬ್ಬಂದಿ ಇರುವುದು ವಿರಳ. ಘಟಕದ ಹೆಸರಿನಲ್ಲಿ ಒಂದು ಡೊಮೈನ್ ಹೆಸರನ್ನು ಪಡೆದು, ಬಾಡಿಗೆ ಸರ್ವರ್‌ನಲ್ಲಿ ಒಮ್ಮೆ ಮೇಲ್ ವ್ಯವಸ್ಥೆ ಮಾಡಿಸಿದ ಬಳಿಕ ವರ್ಷಗಟ್ಟಲೆ ಅದನ್ನು ಮುಟ್ಟದೆ ಬಿಡುವ ಸಂಭವವೇ ಹೆಚ್ಚು. ಸೋಸುವ ತಂತ್ರಾಂಶದ ಮಟ್ಟಿಗೆ ಈ ಅಭ್ಯಾಸವು ಏಕೆ ಅಪಾಯಕರ ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಕಾನೂನಿನ ದೃಷ್ಟಿಯಲ್ಲಿ ‘ತಲುಪಿದ’ ಪತ್ರ

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 13ನೇ ಪ್ರಕರಣವು ವಿದ್ಯುನ್ಮಾನ ದಾಖಲೆಯು ಯಾವಾಗ ತಲುಪಿತೆಂದು ಭಾವಿಸಬೇಕು ಎಂಬುದನ್ನು ವಿವರಿಸುತ್ತದೆ. ಉಭಯ ಪಕ್ಷಗಳ ನಡುವೆ ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಸ್ವೀಕರಿಸುವವರು ಇದಕ್ಕಾಗಿಯೇ ಒಂದು ಗಣಕ ವ್ಯವಸ್ಥೆಯನ್ನು ಗೊತ್ತುಪಡಿಸಿದ್ದರೆ, ದಾಖಲೆಯು ಆ ವ್ಯವಸ್ಥೆಯನ್ನು ಪ್ರವೇಶಿಸಿದ ಸಮಯವೇ ತಲುಪಿದ ಸಮಯವಾಗುತ್ತದೆ. ಪ್ರಕರಣವು ಹೇಳುವುದು ‘ಪ್ರವೇಶ’ವನ್ನು; ‘ಓದಿದ್ದನ್ನು’ ಅಲ್ಲ. ಈ ಪದದ ಸಹಜ ಅರ್ಥದಂತೆ, ಸ್ಪ್ಯಾಮ್ ಕಡತಕೋಶಕ್ಕೆ ಬಿದ್ದ ಪತ್ರವೂ ಅದೇ ವ್ಯವಸ್ಥೆಯೊಳಗೆ ಬಂದಿರುವ ಪತ್ರವಾಗಿದೆ.

ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮ, 2017ರ 169ನೇ ಪ್ರಕರಣವು ನೋಟಿಸು ಮತ್ತು ಆದೇಶಗಳನ್ನು ಜಾರಿ ಮಾಡುವ ವಿಧಾನಗಳಲ್ಲಿ, ನೋಂದಣಿಯ ವೇಳೆ ನೀಡಿದ ಇ-ಮೇಲ್ ವಿಳಾಸಕ್ಕೆ ಕಳುಹಿಸುವುದನ್ನೂ ಸಾಮಾನ್ಯ ಪೋರ್ಟಲ್‌ನಲ್ಲಿ ಲಭ್ಯಗೊಳಿಸುವುದನ್ನೂ ಸೇರಿಸಿದೆ. ಇದೇ ಅಧಿನಿಯಮದ ನಿಯಮಗಳ 9ನೇ ನಿಯಮದಂತೆ, ನೋಂದಣಿ ಅರ್ಜಿಯಲ್ಲಿ ನ್ಯೂನತೆ ಕಂಡುಬಂದರೆ ಅಧಿಕಾರಿಯು ಆರ್‌ಇಜಿ-03 ನಮೂನೆಯಲ್ಲಿ ವಿದ್ಯುನ್ಮಾನ ಮಾರ್ಗದಲ್ಲಿ ನೋಟಿಸು ನೀಡಬಹುದು. ಅದು ತಲುಪಿದ ದಿನಾಂಕದಿಂದ 7 ಕೆಲಸದ ದಿನಗಳೊಳಗೆ ಅರ್ಜಿದಾರರು ಆರ್‌ಇಜಿ-04 ನಮೂನೆಯಲ್ಲಿ ಉತ್ತರಿಸಬೇಕು. ಉತ್ತರ ಬಾರದಿದ್ದಲ್ಲಿ ಅರ್ಜಿಯನ್ನು ತಿರಸ್ಕರಿಸಲು ಅವಕಾಶವಿದೆ.

ಲಗ್ಗೆರೆಯಲ್ಲಿ ಬಾಡಿಗೆ ಶೆಡ್ಡಿನಲ್ಲಿ ಎರಡು ಲೇತ್ ಯಂತ್ರಗಳೊಡನೆ ಕೆಲಸ ಆರಂಭಿಸುವ ಒಬ್ಬ ಅರ್ಜಿದಾರರನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಬಾಡಿಗೆ ಕರಾರಿನ ಪ್ರತಿ ಸ್ಪಷ್ಟವಾಗಿಲ್ಲವೆಂಬ ಸಣ್ಣ ನ್ಯೂನತೆಯ ಸೂಚನೆ ಅವರ ವಿಳಾಸಕ್ಕೆ ಬರುತ್ತದೆ. ತಂತ್ರಾಂಶವು ಅದನ್ನು ಬದಿಗೆ ಸರಿಸುತ್ತದೆ. ಪೋರ್ಟಲ್ ತೆರೆದು ನೋಡುವ ಅಭ್ಯಾಸ ಅರ್ಜಿದಾರರಿಗಿಲ್ಲ. 7 ದಿನಗಳು ಕಳೆಯುತ್ತವೆ. ಅರ್ಜಿ ತಿರಸ್ಕೃತವಾದರೆ ನೋಂದಣಿ ಸಂಖ್ಯೆಯಿಲ್ಲ. ಸಂಖ್ಯೆಯಿಲ್ಲದೆ ತೆರಿಗೆ ಬಿಲ್ಲು ನೀಡಲಾಗದು. ಬಿಲ್ಲು ನೀಡಲಾಗದವರಿಗೆ ದೊಡ್ಡ ಕಾರ್ಖಾನೆಯ ಆರ್ಡರ್ ದೊರೆಯುವುದು ಕಷ್ಟ. ಅರ್ಜಿಯನ್ನು ಮತ್ತೆ ಸಲ್ಲಿಸಬಹುದಾದರೂ ಶೆಡ್ಡಿನ ಬಾಡಿಗೆ ಅಲ್ಲಿಯವರೆಗೆ ಕಾಯುವುದಿಲ್ಲ.

ಸೋಸುವ ಕೆಲಸ ನಡೆಯುವ ಬಗೆ

ಸ್ಪ್ಯಾಮ್ ಸೋಸುವ ಮುಕ್ತ ತಂತ್ರಾಂಶಗಳಲ್ಲಿ ಸ್ಪ್ಯಾಮ್‌ಅಸಾಸಿನ್ ಬಹಳ ಹಿಂದಿನಿಂದ ಬಳಕೆಯಲ್ಲಿದೆ. 2001ರಲ್ಲಿ ಆರಂಭವಾದ ಇದು ಈಗ ಅಪಾಚೆ ಪ್ರತಿಷ್ಠಾನದ ಯೋಜನೆಯಾಗಿದೆ. ಬಾಡಿಗೆ ಸರ್ವರ್‌ಗಳ ನಿರ್ವಹಣೆಗೆ ಬಳಸುವ ಸಿಪ್ಯಾನೆಲ್‌ನಂತಹ ವ್ಯವಸ್ಥೆಗಳಲ್ಲಿಯೂ ಇದೇ ತಂತ್ರಾಂಶವನ್ನು ನೀಡಲಾಗಿದೆ.

ಇದು ಪ್ರತಿ ಪತ್ರವನ್ನೂ ನೂರಾರು ನಿಯಮಗಳಿಗೆ ಒಡ್ಡಿ ಅಂಕ ನೀಡುತ್ತದೆ. ಕಳುಹಿಸಿದ ಸರ್ವರ್ ಕಪ್ಪುಪಟ್ಟಿಯಲ್ಲಿದೆಯೇ, ತಲೆಬರಹದ ದಿನಾಂಕ ಸಹಜವಾಗಿದೆಯೇ, ಪತ್ರದಲ್ಲಿರುವ ಕೊಂಡಿಗಳು ಶಂಕಾಸ್ಪದವೇ ಎಂಬಂತಹ ಪ್ರಶ್ನೆಗಳಿಗೆ ದೊರೆತ ಉತ್ತರಗಳ ಅಂಕಗಳನ್ನು ಕೂಡಿಸಲಾಗುತ್ತದೆ. ಬದಲಾವಣೆ ಮಾಡದಿದ್ದಲ್ಲಿ, ಒಟ್ಟು 5 ಅಂಕ ತಲುಪಿದ ಪತ್ರವನ್ನು ಸ್ಪ್ಯಾಮ್ ಎಂದು ಗುರುತಿಸಲಾಗುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಸ್ಪ್ಯಾಮ್‌ಅಸಾಸಿನ್ ಪತ್ರಕ್ಕೆ ಗುರುತು ಹಾಕುತ್ತದೆಯೇ ಹೊರತು ತಾನಾಗಿ ಅದನ್ನು ಅಳಿಸುವುದಿಲ್ಲ. ಗುರುತಾದ ಪತ್ರವನ್ನು ಏನು ಮಾಡಬೇಕೆಂಬುದು ಸರ್ವರ್ ನೋಡಿಕೊಳ್ಳುವವರ ತೀರ್ಮಾನ. ಅದಕ್ಕೆ ಮೂರು ದಾರಿಗಳಿವೆ.

ಮೊದಲನೆಯದು, ಬಾಗಿಲಿನಲ್ಲಿಯೇ ತಿರಸ್ಕರಿಸುವುದು. ಸರ್ವರ್‌ಗಳ ನಡುವೆ ಸಂವಾದ ನಡೆಯುತ್ತಿರುವಾಗಲೇ 550ರಂತಹ ಸಂಕೇತ ನೀಡಿ ಪತ್ರವನ್ನು ನಿರಾಕರಿಸಿದರೆ, ಅದು ತಲುಪಿಲ್ಲವೆಂಬುದು ಕಳುಹಿಸಿದ ಸರ್ವರ್‌ಗೆ ಅಲ್ಲಿಯೇ ತಿಳಿಯುತ್ತದೆ. ಎರಡನೆಯದು, ಸ್ವೀಕರಿಸಿ ಪ್ರತ್ಯೇಕ ಕಡತಕೋಶದಲ್ಲಿಡುವುದು. ಪತ್ರವನ್ನು ನಂತರ ಹುಡುಕಿ ತೆಗೆಯಬಹುದು. ಮೂರನೆಯದು, ಸ್ವೀಕರಿಸಿದ ಬಳಿಕ ಸದ್ದಿಲ್ಲದೆ ಅಳಿಸುವುದು. ಸಿಪ್ಯಾನೆಲ್‌ನಲ್ಲಿ ‘ಆಟೋ ಡಿಲೀಟ್’ ಎಂಬ ಆಯ್ಕೆ ಇರುವುದು ಇದಕ್ಕಾಗಿಯೇ.

ಈ ಮೂರರಲ್ಲಿ ಅರ್ಜಿದಾರರಿಗೆ ಅತ್ಯಂತ ಹಾನಿಕರವಾದುದು ಕೊನೆಯದು. ಪತ್ರ ತಲುಪಿದೆಯೆಂದು ಕಳುಹಿಸಿದ ಕಚೇರಿಯ ದಾಖಲೆ ಹೇಳುತ್ತದೆ. ಗೊತ್ತುಪಡಿಸಿದ ವ್ಯವಸ್ಥೆಯನ್ನು ಪತ್ರ ಪ್ರವೇಶಿಸಿರುವುದೂ ನಿಜ. ಆದರೆ ಅರ್ಜಿದಾರರಿಗೆ ತೋರಿಸಲು ಪತ್ರವೂ ಇಲ್ಲ, ಅದು ಬಂದಿತ್ತೆಂಬ ಅರಿವೂ ಇಲ್ಲ. ಆದ್ದರಿಂದ ಯಾವುದೇ ಸರ್ಕಾರಿ ಅರ್ಜಿಯಲ್ಲಿ ನಮೂದಿಸಿರುವ ವಿಳಾಸಕ್ಕೆ ತಾನಾಗಿ ಅಳಿಸುವ ಆಯ್ಕೆಯನ್ನು ಬಳಸದಿರುವುದು ಕ್ಷೇಮ.

ನವೀಕರಣವಿಲ್ಲದ ತಂತ್ರಾಂಶ: ಮೂರು ಪ್ರಸಂಗಗಳು

ತಂತ್ರಾಂಶವು ನಿನ್ನೆಯವರೆಗೆ ಸರಿಯಾಗಿ ಕೆಲಸ ಮಾಡಿದ್ದರೆ ಇಂದೂ ಮಾಡುತ್ತದೆ ಎಂಬ ನಂಬಿಕೆ ಸಹಜವಾದುದು. ಕೆಳಕಂಡ ಪ್ರಸಂಗಗಳು ಈ ನಂಬಿಕೆಗೆ ವಿರುದ್ಧವಾಗಿವೆ.

2010ರ ಜನವರಿ 1ರಂದು ಸ್ಪ್ಯಾಮ್‌ಅಸಾಸಿನ್ ಬಳಸುತ್ತಿದ್ದ ಸರ್ವರ್‌ಗಳಲ್ಲಿ ಸಾಚಾ ಪತ್ರಗಳು ಸ್ಪ್ಯಾಮ್ ಎಂದು ಗುರುತಾಗತೊಡಗಿದವು. ಪತ್ರದ ದಿನಾಂಕವು ಬಹುದೂರದ ಭವಿಷ್ಯದ್ದಾಗಿದ್ದರೆ ಅಂಕ ನೀಡಬೇಕೆಂಬ ಒಂದು ಹಳೆಯ ನಿಯಮ ಅದರಲ್ಲಿತ್ತು. 2010 ಮತ್ತು ಅನಂತರದ ವರ್ಷಗಳು ಆ ನಿಯಮ ಬರೆದವರಿಗೆ ದೂರದ ಭವಿಷ್ಯವಾಗಿದ್ದವು. ಹೊಸ ವರ್ಷ ಬಂದೊಡನೆ ಪ್ರತಿಯೊಂದು ಪತ್ರಕ್ಕೂ ಸುಮಾರು 2ರಿಂದ 3.5ರಷ್ಟು ಹೆಚ್ಚುವರಿ ಅಂಕ ಬಿತ್ತು. ಈ ದೋಷವನ್ನು ಅಭಿವೃದ್ಧಿ ಹಂತದ ಆವೃತ್ತಿಯಲ್ಲಿ 2009ರಲ್ಲಿಯೇ ತಿದ್ದಲಾಗಿದ್ದರೂ ತಿದ್ದುಪಡಿಯು ಬಳಕೆದಾರರ ಸರ್ವರ್‌ಗಳಿಗೆ ಹೋಗಿರಲಿಲ್ಲ. ಸಮಸ್ಯೆ ಬೆಳಕಿಗೆ ಬಂದ ದಿನವೇ ಪರಿಷ್ಕೃತ ನಿಯಮ ಬಿಡುಗಡೆಯಾಯಿತು. ಪ್ರತಿದಿನ ನಿಯಮಗಳನ್ನು ತರಿಸಿಕೊಳ್ಳುತ್ತಿದ್ದ ಸರ್ವರ್‌ಗಳು ಬೇಗನೆ ಸರಿಹೋದವು. ಉಳಿದವುಗಳಲ್ಲಿ ದೋಷವು ಯಾರಾದರೂ ಗಮನಿಸುವವರೆಗೆ ಮುಂದುವರಿಯಿತು.

ಎರಡನೆಯ ಪ್ರಸಂಗವು ಕಪ್ಪುಪಟ್ಟಿಗಳಿಗೆ ಸಂಬಂಧಿಸಿದುದು. ಓಆರ್‌ಡಿಬಿ ಎಂಬ ಕಪ್ಪುಪಟ್ಟಿ ಸೇವೆಯು 2006ರ ಡಿಸೆಂಬರ್‌ನಲ್ಲಿ ಮುಚ್ಚಿತು. ಆದರೂ ಅನೇಕ ಸರ್ವರ್‌ಗಳು ಅದನ್ನು ಕೇಳುತ್ತಲೇ ಇದ್ದವು. 2008ರ ಮಾರ್ಚ್‌ನಲ್ಲಿ ಅದು ಕೇಳಿದ ಪ್ರತಿಯೊಂದು ವಿಳಾಸಕ್ಕೂ ‘ಪಟ್ಟಿಯಲ್ಲಿದೆ’ ಎಂಬ ಉತ್ತರ ನೀಡಲಾರಂಭಿಸಿತು. ಅದರ ಹೆಸರನ್ನು ತೆಗೆಯದೆ ಬಿಟ್ಟಿದ್ದ ಸರ್ವರ್‌ಗಳು ಬಂದ ಟಪಾಲನ್ನೆಲ್ಲ ಹಿಂದಕ್ಕೆ ಕಳುಹಿಸಿದವು. ಸೋರ್ಬ್ಸ್ ಎಂಬ ಮತ್ತೊಂದು ಹಳೆಯ ಪಟ್ಟಿಯು 2024ರ ಜೂನ್‌ನಲ್ಲಿ ಸ್ಥಗಿತಗೊಂಡಿದೆ. ಹತ್ತು ವರ್ಷಗಳ ಹಿಂದೆ ಸಿದ್ಧವಾದ ಸರ್ವರ್‌ಗಳಲ್ಲಿ ಅದರ ಹೆಸರು ಇಂದಿಗೂ ಉಳಿದಿರಬಹುದು.

ಮೂರನೆಯದು, ನವೀಕರಣವೇ ನಿಂತುಹೋದ ಪ್ರಸಂಗ. 2020ರ ಮಾರ್ಚ್ 1ರಿಂದ ಸ್ಪ್ಯಾಮ್‌ಅಸಾಸಿನ್ ಯೋಜನೆಯು ತನ್ನ ನಿಯಮಗಳಿಗೆ ಎಸ್‌ಎಚ್‌ಎ-1 ಎಂಬ ಹಳೆಯ ಬಗೆಯ ದೃಢೀಕರಣವನ್ನು ನೀಡುವುದನ್ನು ನಿಲ್ಲಿಸಿತು. 3.4.2ಕ್ಕಿಂತ ಹಿಂದಿನ ಆವೃತ್ತಿಗಳು ಅಂದಿನಿಂದ ಹೊಸ ನಿಯಮಗಳನ್ನು ಪಡೆಯಲಾರವು. ಇಂತಹ ಸರ್ವರ್‌ನಲ್ಲಿ ಪ್ರತಿರಾತ್ರಿ ನವೀಕರಣದ ಆದೇಶ ನಡೆಯುತ್ತಿದ್ದರೂ ಅದರಿಂದ ಪ್ರಯೋಜನವಿಲ್ಲ. ನಿಯಮಗಳನ್ನು ಮಾತ್ರವಲ್ಲ, ತಂತ್ರಾಂಶದ ಆವೃತ್ತಿಯನ್ನೂ ನವೀಕರಿಸಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕನ್ನಡದ ಪತ್ರಗಳು

ರಾಜ್ಯದ ಕಚೇರಿಗಳಿಂದ ಬರುವ ಪತ್ರಗಳು ಕನ್ನಡದಲ್ಲಿರುವುದರಿಂದ ಈ ಅಂಶವನ್ನು ಪ್ರತ್ಯೇಕವಾಗಿ ಗಮನಿಸುವುದು ಅಗತ್ಯ. ಸ್ಪ್ಯಾಮ್‌ಅಸಾಸಿನ್‌ನಲ್ಲಿ ಬೇಯ್ಸ್ ಎಂಬ ಕಲಿಕಾ ಭಾಗವಿದೆ. ಬಳಕೆದಾರರು ‘ಇದು ಸಾಚಾ’, ‘ಇದು ಸ್ಪ್ಯಾಮ್’ ಎಂದು ತೋರಿಸಿಕೊಟ್ಟ ಪತ್ರಗಳಲ್ಲಿನ ಪದಗಳನ್ನು ಅದು ಲೆಕ್ಕವಿಟ್ಟು ಮುಂದಿನ ಪತ್ರಗಳನ್ನು ಅಳೆಯುತ್ತದೆ. ಎರಡೂ ಬಗೆಯ ತಲಾ 200 ಪತ್ರಗಳನ್ನು ಕಲಿಯುವವರೆಗೆ ಅದು ಕಾರ್ಯಾರಂಭ ಮಾಡುವುದಿಲ್ಲ. ಆಂಗ್ಲ ಪತ್ರಗಳನ್ನು ಮಾತ್ರ ತೋರಿಸಿ ಕಲಿಸಿದ ವ್ಯವಸ್ಥೆಗೆ ‘ಹಿಂಬರಹ’, ‘ನ್ಯೂನತೆ’, ‘ಸ್ವೀಕೃತಿ’ ಎಂಬ ಪದಗಳು ಸಾಚಾತನದ ಯಾವ ಸಾಕ್ಷ್ಯವನ್ನೂ ನೀಡಲಾರವು.

ಯುನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಸಂಕೇತವೂ 3 ಬೈಟ್‌ಗಳನ್ನು ತೆಗೆದುಕೊಳ್ಳುತ್ತದೆ. ಇಂತಹ ಬಹುಬೈಟ್ ಲಿಪಿಗಳ ನಿರ್ವಹಣೆಯನ್ನು 2022ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ 4.0.0 ಆವೃತ್ತಿಯಲ್ಲಿ ವ್ಯಾಪಕವಾಗಿ ಸುಧಾರಿಸಲಾಗಿದೆ. ಆದುದರಿಂದ ಕನ್ನಡದಲ್ಲಿ ವ್ಯವಹರಿಸುವವರಿಗೆ ಹಳೆಯ 3ನೇ ಸರಣಿಯಿಂದ 4ನೇ ಸರಣಿಗೆ ಬರಲು ಇತರರಿಗಿಂತ ಒಂದು ಕಾರಣ ಹೆಚ್ಚಾಗಿಯೇ ಇದೆ. ಪತ್ರದ ಭಾಷೆಯನ್ನು ಊಹಿಸಿ, ಪಟ್ಟಿಯಲ್ಲಿಲ್ಲದ ಭಾಷೆಗೆ ಅಂಕ ನೀಡುವ ಸೌಲಭ್ಯವೂ ಈ ತಂತ್ರಾಂಶದಲ್ಲಿದೆ. ‘ಆಂಗ್ಲ ಮಾತ್ರ’ ಎಂದು ಅದನ್ನು ಬಿಗಿಗೊಳಿಸುವುದು ಕರ್ನಾಟಕದ ಅರ್ಜಿದಾರರಿಗೆ ಸೂಕ್ತವಲ್ಲ.

ಇತ್ತೀಚಿನ ಬದಲಾವಣೆಗಳು

ಹಿಂದೆ ಸೋಸುವ ಕೆಲಸವು ಮುಖ್ಯವಾಗಿ ಪತ್ರದ ಒಳಗಿನ ವಿಷಯವನ್ನು ನೋಡುತ್ತಿತ್ತು. ಈಗ ಕಳುಹಿಸಿದವರು ಯಾರು ಎಂಬ ದೃಢೀಕರಣಕ್ಕೆ ಹೆಚ್ಚಿನ ಪ್ರಾಶಸ್ತ್ಯ ದೊರೆತಿದೆ. ಒಂದು ಡೊಮೈನ್‌ನ ಪರವಾಗಿ ಯಾವ ಸರ್ವರ್‌ಗಳು ಪತ್ರ ಕಳುಹಿಸಬಹುದೆಂದು ತಿಳಿಸುವುದು ಎಸ್‌ಪಿಎಫ್. ಪತ್ರಕ್ಕೆ ವಿದ್ಯುನ್ಮಾನ ಮೊಹರು ಹಾಕುವುದು ಡಿಕಿಮ್. ಇವೆರಡೂ ಹೊಂದದಿದ್ದರೆ ಪತ್ರವನ್ನು ಏನು ಮಾಡಬೇಕೆಂದು ಡೊಮೈನ್‌ನ ಒಡೆಯರೇ ಪ್ರಕಟಿಸುವುದು ಡಿಮಾರ್ಕ್. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಸಂಸ್ಥೆಗಳು ಈ ಕುರಿತ ನಿಬಂಧನೆಗಳನ್ನು ಜಾರಿಗೆ ತಂದವು. ವೈಯಕ್ತಿಕ ಜಿಮೇಲ್ ಖಾತೆಗಳಿಗೆ ದಿನವೊಂದಕ್ಕೆ 5000ಕ್ಕೂ ಹೆಚ್ಚು ಪತ್ರ ಕಳುಹಿಸುವವರಿಗೆ ಮೂರೂ ಕಡ್ಡಾಯ. ಕಡಿಮೆ ಕಳುಹಿಸುವವರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಪೈಕಿ ಒಂದು ಅಗತ್ಯ. 2025ರ ಮೇ ತಿಂಗಳಿನಿಂದ ಮೈಕ್ರೋಸಾಫ್ಟ್ ಸಂಸ್ಥೆಯೂ ಹೆಚ್ಚು ಪತ್ರ ಕಳುಹಿಸುವವರಿಗೆ ಇಂತಹುದೇ ನಿಬಂಧನೆಗಳನ್ನು ವಿಧಿಸಿತು. ಆದ್ದರಿಂದ ದಿನಕ್ಕೆ ಹತ್ತು ಪತ್ರ ಕಳುಹಿಸುವ ಘಟಕವೂ ತನ್ನ ಡೊಮೈನ್‌ಗೆ ಇವುಗಳನ್ನು ಮಾಡಿಸದಿದ್ದಲ್ಲಿ ಅದರ ಕೊಟೇಶನ್ ಅಥವಾ ಉತ್ತರ ಎದುರಿನವರಿಗೆ ತಲುಪದಿರಬಹುದು.

ಕಳುಹಿಸುವವರ ಕಡೆಯೂ ಬದಲಾವಣೆಗಳಾಗಿವೆ. ಕೇಂದ್ರ ಸರ್ಕಾರದ ನೌಕರರ ಸುಮಾರು 12 ಲಕ್ಷ ಇ-ಮೇಲ್ ಖಾತೆಗಳನ್ನು ಜೋಹೋ ಸಂಸ್ಥೆಯ ವೇದಿಕೆಗೆ ವರ್ಗಾಯಿಸಲಾಗಿರುವುದಾಗಿ 2025ರಲ್ಲಿ ಪತ್ರಿಕೆಗಳು ವರದಿ ಮಾಡಿದವು. ಬ್ಯಾಂಕುಗಳು ತಮ್ಮ ಡೊಮೈನ್‌ಗಳನ್ನು ‘ಡಾಟ್ ಬ್ಯಾಂಕ್ ಡಾಟ್ ಇನ್’ ವರ್ಗಕ್ಕೆ 2025ರ ಅಕ್ಟೋಬರ್ 31ರೊಳಗೆ ಬದಲಾಯಿಸಬೇಕೆಂದು ಭಾರತೀಯ ರಿಸರ್ವ್ ಬ್ಯಾಂಕ್ ನಿರ್ದೇಶಿಸಿತ್ತು. ಹಳೆಯ ಸರ್ವರ್ ಸಂಖ್ಯೆಗಳನ್ನೋ ಹಳೆಯ ಡೊಮೈನ್ ಹೆಸರುಗಳನ್ನೋ ‘ಅನುಮತಿ ಪಟ್ಟಿ’ಯಲ್ಲಿ ಬರೆದಿಟ್ಟು ನಿಶ್ಚಿಂತರಾಗಿರುವವರ ಪಟ್ಟಿಯು ಹೀಗೆ ಅವರಿಗೆ ತಿಳಿಯದಂತೆಯೇ ನಿರುಪಯುಕ್ತವಾಗಬಹುದು.

ಸೋಸುವಿಕೆಯನ್ನೇ ನಿಲ್ಲಿಸುವುದು ಪರಿಹಾರವಲ್ಲ

ಇಷ್ಟೆಲ್ಲ ತೊಡಕಿದ್ದರೆ ತಂತ್ರಾಂಶವನ್ನೇ ತೆಗೆದುಬಿಡಬಹುದಲ್ಲವೇ ಎಂಬ ಪ್ರಶ್ನೆ ಏಳುವುದು ಸಹಜ. ಪರಿಚಿತ ಸರಬರಾಜುದಾರರ ಹೆಸರಿನಲ್ಲಿ ಬರುವ ನಕಲಿ ಬಿಲ್ಲು, ‘ಬ್ಯಾಂಕ್ ಖಾತೆ ಸಂಖ್ಯೆ ಬದಲಾಗಿದೆ’ ಎಂಬ ಸುಳ್ಳು ಸೂಚನೆ, ಸರ್ಕಾರಿ ಲಾಂಛನ ಹೊತ್ತ ಖೋಟಾ ನೋಟಿಸು ಇವುಗಳಿಂದ ಸಣ್ಣ ಘಟಕವೊಂದು ಒಂದೇ ದಿನದಲ್ಲಿ ತಿಂಗಳ ದುಡಿಮೆಯನ್ನು ಕಳೆದುಕೊಳ್ಳಬಹುದು. ಆದುದರಿಂದ ಪ್ರಶ್ನೆ ಇರುವುದು ಸೋಸಬೇಕೇ ಬೇಡವೇ ಎಂಬುದರಲ್ಲಿ ಅಲ್ಲ. ತಪ್ಪು ಯಾವ ಕಡೆಗೆ ಆದರೆ ಸರಿಪಡಿಸಬಹುದು ಎಂಬುದರಲ್ಲಿ. ಒಳಗೆ ಬಂದ ಹತ್ತು ಜಾಹೀರಾತುಗಳನ್ನು ಒಂದು ನಿಮಿಷದಲ್ಲಿ ಅಳಿಸಬಹುದು. ಅಳಿಸಿಹೋದ ಒಂದು ನೋಟಿಸನ್ನು ಗಡುವು ಮುಗಿದ ಮೇಲೆ ಮರಳಿ ತರಲಾಗದು.

ಮೇಲ್ ಸರ್ವರ್ ನೋಡಿಕೊಳ್ಳುವವರ ಗಮನಕ್ಕೆ

1. ಸ್ಪ್ಯಾಮ್‌ಅಸಾಸಿನ್ ನಿಯಮಗಳನ್ನು ಪ್ರತಿದಿನ ‘ಎಸ್‌ಎ-ಅಪ್‌ಡೇಟ್’ ಮೂಲಕ ತರಿಸಿಕೊಳ್ಳುವ ವ್ಯವಸ್ಥೆ ಮಾಡತಕ್ಕದ್ದು. ಹೊಸ ನಿಯಮ ಬಂದಲ್ಲಿ ‘ಲಿಂಟ್’ ಪರೀಕ್ಷೆ ನಡೆಸಿ, ಅನಂತರ ಸೇವೆಯನ್ನು ಮರುಆರಂಭಿಸಬೇಕು. ಮರುಆರಂಭವಾಗದಿದ್ದರೆ ಹೊಸ ನಿಯಮಗಳು ಜಾರಿಗೆ ಬರುವುದಿಲ್ಲ.

2. ಬಳಕೆಯಲ್ಲಿರುವ ಕಪ್ಪುಪಟ್ಟಿಗಳು ಇನ್ನೂ ಕಾರ್ಯನಿರ್ವಹಿಸುತ್ತಿವೆಯೇ ಎಂಬುದನ್ನು ನಿಯತವಾಗಿ ಪರಿಶೀಲಿಸಬೇಕು. ಸಾರ್ವಜನಿಕ ಡಿಎನ್‌ಎಸ್ ಸೇವೆಗಳ ಮೂಲಕ ಕೇಳಿದ ಪ್ರಶ್ನೆಗಳಿಗೆ ಸ್ಪ್ಯಾಮ್‌ಹೌಸ್‌ನಂತಹ ಪಟ್ಟಿಗಳು ಸರಿಯಾದ ಉತ್ತರ ನೀಡುವುದಿಲ್ಲ. ಸರ್ವರ್‌ನಲ್ಲಿಯೇ ಡಿಎನ್‌ಎಸ್ ವ್ಯವಸ್ಥೆ ಇರುವುದು ಸೂಕ್ತ.

3. ಹೊಸ ನಿರ್ಬಂಧವನ್ನು ನೇರವಾಗಿ ಜಾರಿಗೆ ತರುವ ಬದಲು, ಕೆಲವು ದಿನ ದಾಖಲೆಯಲ್ಲಿ ಎಚ್ಚರಿಕೆ ಬರುವಂತೆ ಮಾತ್ರ ಇಡಬೇಕು. ಪೋಸ್ಟ್‌ಫಿಕ್ಸ್‌ನಲ್ಲಿ ಇದಕ್ಕೆ ‘ವಾರ್ನ್ ಇಫ್ ರಿಜೆಕ್ಟ್’ ಎಂಬ ಆಯ್ಕೆಯಿದೆ.

4. ಅನುಮತಿ ಪಟ್ಟಿಯಲ್ಲಿ ಕಳುಹಿಸಿದವರ ವಿಳಾಸವನ್ನಷ್ಟೇ ನಂಬಬಾರದು. ಅದನ್ನು ಯಾರು ಬೇಕಾದರೂ ನಕಲು ಮಾಡಬಹುದು. ಎಸ್‌ಪಿಎಫ್ ಅಥವಾ ಡಿಕಿಮ್ ದೃಢಪಟ್ಟಾಗ ಮಾತ್ರ ಅನ್ವಯವಾಗುವ ‘ವೆಲ್‌ಕಮ್‌ಲಿಸ್ಟ್ ಆತ್’ ಆಯ್ಕೆಯನ್ನು ಬಳಸಬೇಕು. 4.0ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಇದರ ಹೆಸರು ‘ವೈಟ್‌ಲಿಸ್ಟ್ ಆತ್’ ಎಂದಿತ್ತು.

5. ಅಪರಿಚಿತ ಸರ್ವರ್‌ನ ಪತ್ರವನ್ನು ಮೊದಲ ಬಾರಿ ತಡೆದು ಮತ್ತೆ ಬರುವಂತೆ ಮಾಡುವ ಗ್ರೇಲಿಸ್ಟಿಂಗ್ ವಿಧಾನದಿಂದ ಒ.ಟಿ.ಪಿ. ತಡವಾಗುತ್ತದೆ. ಪೋಸ್ಟ್‌ಗ್ರೇ ತಂತ್ರಾಂಶದಲ್ಲಿ ಈ ತಡೆಯು ಸಾಮಾನ್ಯವಾಗಿ 300 ಸೆಕೆಂಡು, ಅಷ್ಟರಲ್ಲಿ ಒ.ಟಿ.ಪಿ.ಯ ಅವಧಿ ಮುಗಿಯಬಹುದು.

6. ಸರ್ವರ್‌ನ ದಾಖಲೆಗಳನ್ನು ಕಾಯ್ದಿಡಬೇಕು. ಸಿಇಆರ್‌ಟಿ-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳಲ್ಲಿ 180 ದಿನಗಳ ದಾಖಲೆ ಇಡಬೇಕೆಂದು ತಿಳಿಸಲಾಗಿದೆ. ಪತ್ರ ಬಂದಿತೇ, ಯಾವಾಗ ಬಂದಿತು, ಏನಾಯಿತು ಎಂಬ ವಿವಾದ ಎದ್ದಾಗ ಈ ದಾಖಲೆಯೇ ಆಧಾರ.

ಅರ್ಜಿದಾರರು ಅನುಸರಿಸಬೇಕಾದ ಕ್ರಮಗಳು

1. ಅರ್ಜಿಯಲ್ಲಿ ಪ್ರತಿದಿನ ನೋಡುವ ವಿಳಾಸವನ್ನೇ ನಮೂದಿಸಬೇಕು. ಮಧ್ಯವರ್ತಿಯ ಅಥವಾ ಸೈಬರ್ ಕೆಫೆಯವರ ವಿಳಾಸವನ್ನು ನೀಡಬಾರದು.

2. ಅರ್ಜಿ ಸಲ್ಲಿಸಿದ ದಿನದಿಂದ ಅಂತಿಮ ಆದೇಶ ಬರುವವರೆಗೆ ಸ್ಪ್ಯಾಮ್ ಕಡತಕೋಶವನ್ನು ಪ್ರತಿದಿನ ತೆರೆದು ನೋಡಬೇಕು. ಜಿಮೇಲ್‌ನಲ್ಲಿ ಅಲ್ಲಿರುವ ಪತ್ರಗಳು 30 ದಿನಗಳ ಬಳಿಕ ತಾವಾಗಿ ಅಳಿಸಿಹೋಗುತ್ತವೆ.

3. ಸಾಚಾ ಪತ್ರ ಅಲ್ಲಿ ಕಂಡುಬಂದಲ್ಲಿ ಅದನ್ನು ಓದಿ ಬಿಡುವುದಷ್ಟೇ ಸಾಲದು. ‘ಸ್ಪ್ಯಾಮ್ ಅಲ್ಲ’ ಎಂದು ಗುರುತಿಸಬೇಕು. ತಂತ್ರಾಂಶವು ಕಲಿಯುವುದು ಇದರಿಂದಲೇ.

4. ಇ-ಮೇಲ್ ಒಂದನ್ನೇ ಅವಲಂಬಿಸದೆ, ಅರ್ಜಿ ಸಲ್ಲಿಸಿದ ಪೋರ್ಟಲ್‌ಗೆ ಪ್ರವೇಶಿಸಿ ಅರ್ಜಿಯ ಸ್ಥಿತಿಯನ್ನು ವಾರಕ್ಕೆ ಎರಡು ಬಾರಿಯಾದರೂ ಪರಿಶೀಲಿಸಬೇಕು.

5. ಸ್ವಂತ ಡೊಮೈನ್‌ನ ವಿಳಾಸ ಬಳಸುವವರು ತಮ್ಮ ತಂತ್ರಜ್ಞರನ್ನು ನಾಲ್ಕು ಪ್ರಶ್ನೆ ಕೇಳಬಹುದು: ತಾನಾಗಿ ಅಳಿಸುವ ಆಯ್ಕೆ ಚಾಲನೆಯಲ್ಲಿದೆಯೇ? ತಂತ್ರಾಂಶದ ಆವೃತ್ತಿ ಯಾವುದು? ನಿಯಮಗಳು ಕೊನೆಯ ಬಾರಿ ಯಾವಾಗ ನವೀಕರಣಗೊಂಡವು? ಡೊಮೈನ್‌ಗೆ ಎಸ್‌ಪಿಎಫ್, ಡಿಕಿಮ್ ಮತ್ತು ಡಿಮಾರ್ಕ್ ಮಾಡಿಸಲಾಗಿದೆಯೇ?

6. ಸ್ಪ್ಯಾಮ್ ಕಡತಕೋಶದಲ್ಲಿ ಸಿಕ್ಕ ಸರ್ಕಾರಿ ನೋಟಿಸಿನ ಕೊಂಡಿಯನ್ನು ಒತ್ತಬಾರದು. ಪೋರ್ಟಲ್ ವಿಳಾಸವನ್ನು ಸ್ವತಃ ಟೈಪ್ ಮಾಡಿ ಅಲ್ಲಿ ಅದೇ ನೋಟಿಸು ಇದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ವಂಚನೆಯಿಂದ ಹಣ ಹೋಗಿದ್ದಲ್ಲಿ ವಿಳಂಬವಿಲ್ಲದೆ 1930 ಸಹಾಯವಾಣಿಗೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ದಾಖಲಿಸಬೇಕು.

ಉಪಸಂಹಾರ

ಕಚೇರಿಗಳಲ್ಲಿ ಟಪಾಲು ಸ್ವೀಕರಿಸುವ ಗುಮಾಸ್ತರು ಪ್ರತಿ ಪತ್ರವನ್ನೂ ಆವಕ ವಹಿಯಲ್ಲಿ ದಾಖಲಿಸುತ್ತಾರೆ. ಅನಗತ್ಯವೆಂದು ತೋರಿದ ಪತ್ರವನ್ನೂ ತಾವೇ ಹರಿದುಹಾಕುವ ಅಧಿಕಾರ ಅವರಿಗಿಲ್ಲ. ಸೋಸುವ ತಂತ್ರಾಂಶಕ್ಕೆ ಕೊಡುವ ಅಧಿಕಾರವೂ ಇಷ್ಟಕ್ಕೇ ಸೀಮಿತವಾಗಿರಬೇಕು. ಬೇರ್ಪಡಿಸುವುದು ತಂತ್ರಾಂಶದ ಕೆಲಸ. ಬೇರ್ಪಟ್ಟದ್ದನ್ನು ನೋಡಿ ತೀರ್ಮಾನಿಸುವುದು ವಿಳಾಸದಾರರ ಕೆಲಸ. ಲಗ್ಗೆರೆಯ ಸಣ್ಣ ಘಟಕವಾಗಲಿ, ಒಂದೇ ಒಂದು ಪ್ರಮಾಣಪತ್ರಕ್ಕಾಗಿ ಅರ್ಜಿ ಹಾಕಿದ ವ್ಯಕ್ತಿಯಾಗಲಿ, ದಿನಕ್ಕೆ ಐದು ನಿಮಿಷವನ್ನು ಈ ಕೆಲಸಕ್ಕೆ ಮೀಸಲಿಟ್ಟಲ್ಲಿ, ಏಳು ದಿನಗಳ ಗಡುವು ಅರಿವಿಗೆ ಬಾರದೆ ಕಳೆದುಹೋಗುವುದನ್ನು ಬಹುಮಟ್ಟಿಗೆ ತಪ್ಪಿಸಬಹುದಾಗಿದೆ.